ಸೌದೆ ಬಾಯ್ಲರ್: ಹೊಗೆ ಜಾಸ್ತಿ, ಬಿಸಿ ಕಮ್ಮಿ ಆದರೆ ಎಲ್ಲೆಲ್ಲಿ ನೋಡಬೇಕು?

ಮಲೆನಾಡು, ಕೊಡಗು, ಕರಾವಳಿಯ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಯ ಜಾಗಕ್ಕೆ ಸೌದೆ ಬಾಯ್ಲರ್ ಬಂದಿದೆ. ಹಿತ್ತಲ ಮಾಡಿನಡಿಯಲ್ಲೋ ಸೌದೆ ಕೊಟ್ಟಿಗೆಯ ಮಗ್ಗುಲಲ್ಲೋ ತಾಮ್ರದ ಅಥವಾ ಸ್ಟೀಲಿನ ಒಂದು ಸಿಲಿಂಡರ್. ಕೆಳಗೆ ಒಲೆ, ನಡುವೆ ನೀರನ್ನು ಸೀಳಿಕೊಂಡು ಮೇಲೇರುವ ಹೊಗೆ ಕೊಳವೆ, ಅಲ್ಲಿಂದ ಬಚ್ಚಲಿಗೂ ಅಡುಗೆಮನೆಗೂ ಪೈಪು. ಕರೆಂಟು ಹೋಗಿ, ಸೋಲಾರ್ ಫಲಕದ ಮೇಲೆ ವಾರಗಟ್ಟಲೆ ಬಿಸಿಲು ಬೀಳದ ಮಳೆಗಾಲದಲ್ಲಿ ಮನೆಮಂದಿಗೂ ಹೋಂಸ್ಟೇ ಅತಿಥಿಗಳಿಗೂ ಇದೇ ಆಸರೆ.

ದೂರುಗಳು ಶುರುವಾಗುವುದೂ ಅದೇ ಮಳೆಗಾಲದಲ್ಲಿ. ಬುಟ್ಟಿಗಟ್ಟಲೆ ಸೌದೆ ಹಾಕಿದರೂ ನೀರು ಕಾಯುವುದಿಲ್ಲ, ಹೊಗೆ ಒಲೆಬಾಯಿಂದಲೇ ವಾಪಸು ಬರುತ್ತದೆ, ಎರಡು ಬಕೆಟ್ ಆಗುವಷ್ಟರಲ್ಲಿ ನೀರು ತಣ್ಣಗೆ. ಹೀಗಾದಾಗ ಬಹಳ ಮಂದಿ ಹೊಸ ಬಾಯ್ಲರಿನ ದರ ವಿಚಾರಿಸುತ್ತಾರೆ. ಆದರೆ ತೊಂದರೆ ಬಾಯ್ಲರಿನಲ್ಲಿ ಇರುವುದು ಕಡಿಮೆ. ಸೌದೆ, ಗಾಳಿ, ಪೈಪು ಈ ಮೂರರಲ್ಲಿ ಇರುವುದೇ ಹೆಚ್ಚು. ಹಾಗಾಗಿ ಮೊದಲು ಅಪಾಯದ ತಪಾಸಣೆ, ಆಮೇಲೆ ಖರ್ಚಿಲ್ಲದ ರಿಪೇರಿ, ಕೊನೆಗೆ ಖರ್ಚಿನದು ಎಂಬ ಕ್ರಮದಲ್ಲಿ ಹೋಗುವುದು ಒಳ್ಳೆಯದು.

ಎಲ್ಲಕ್ಕಿಂತ ಮೊದಲು: ವೆಂಟ್ ಪೈಪ್

ಬಾಯ್ಲರಿನ ತಲೆಯಿಂದ ಹೊರಟು, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟವನ್ನೂ ದಾಟಿ ಮೇಲಕ್ಕೆ ಹೋಗಿ ಬಾಯಿ ತೆರೆದು ನಿಂತಿರುವ ಪೈಪನ್ನು ಮೊದಲು ನೋಡಿ. 100 ಲೀಟರ್ ನೀರು 20 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ ಮೂರು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಅದೇ ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಬೇಕು. ಗ್ಯಾಸ್ ಒಲೆಯಂತೆ ಸೌದೆ ಬೆಂಕಿಯನ್ನು ತಿರುಗಿಸಿ ಆರಿಸಲು ಬರುವುದಿಲ್ಲ. ಹಿಗ್ಗಿದ ನೀರಿಗೆ, ಹಬೆಗೆ ದಾರಿ ಇಲ್ಲದಿದ್ದರೆ ಸಿಲಿಂಡರ್ ಸಿಡಿಯುತ್ತದೆ.

- ವೆಂಟ್ ಪೈಪಿನ ತುದಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಮೇಲಿರಲಿ. ಅದಕ್ಕೆ ಯಾವ ಕಾರಣಕ್ಕೂ ವಾಲ್ವ್, ಮುಚ್ಚಳ, ಬಿರಡೆ ಹಾಕಬೇಡಿ.
- ಬೇಸಿಗೆಯಲ್ಲಿ ಕಣಜಗಳು ಈ ಪೈಪಿನ ಬಾಯಿಗೆ ಮಣ್ಣಿನ ಗೂಡು ಕಟ್ಟುತ್ತವೆ. ಬಾಯ್ಲರ್ ತಣ್ಣಗಿರುವಾಗ ಮೇಲಿಂದ ಒಂದು ಚೊಂಬು ನೀರು ಹೊಯ್ಯಿರಿ. ಸರಾಗ ಇಳಿದರೆ ಸರಿ, ತುಂಬಿ ಹೊರಚೆಲ್ಲಿದರೆ ಒಳಗೆ ಕಟ್ಟಿಕೊಂಡಿದೆ.
- ತಣ್ಣೀರಿನ ಲೈನಿನಲ್ಲಿ ನಾನ್ ರಿಟರ್ನ್ ವಾಲ್ವ್ ಇದ್ದರೆ ಹಿಗ್ಗಿದ ನೀರಿಗೆ ವೆಂಟ್ ಬಿಟ್ಟು ಬೇರೆ ದಾರಿಯೇ ಇಲ್ಲ. ಅಂಥ ಮನೆಗಳಲ್ಲಿ ಈ ತಪಾಸಣೆ ಒಂದು ದಿನವೂ ಮುಂದೂಡುವಂಥದ್ದಲ್ಲ.
- ಪ್ರೆಶರ್ ಪಂಪಿನ ಲೈನನ್ನು ಇಂಥ ಬಾಯ್ಲರಿಗೆ ನೇರವಾಗಿ ಕೊಡಬೇಡಿ. ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರೇ ಇದಕ್ಕೆ ಸರಿ.

ಹಂತ 1: ಸೌದೆಯನ್ನು ತೂಗಿ ನೋಡಿ

100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಬೇಕಾದ ಶಾಖ 4,000 ಕಿಲೋ ಕ್ಯಾಲರಿ. ಚೆನ್ನಾಗಿ ಒಣಗಿದ ಒಂದು ಕೆ.ಜಿ. ಸೌದೆ ಕೊಡುವುದು ಸುಮಾರು 3,500. ಚಿಮಣಿಯಲ್ಲಿ ಹೋಗುವ ಬಿಸಿ, ಸಿಲಿಂಡರಿನ ಮೈಯಿಂದ ಸೋರುವ ಬಿಸಿ ಎಲ್ಲ ಕಳೆದರೂ ಮೂರು–ನಾಲ್ಕು ಕೆ.ಜಿ.ಯಲ್ಲಿ ಕೆಲಸ ಮುಗಿಯಬೇಕು. ಒಂದು ದಿನ ಸೌದೆ ತೂಗಿ ಹಾಕಿ. ಇಷ್ಟೇ ನೀರಿಗೆ ಎಂಟು–ಹತ್ತು ಕೆ.ಜಿ. ಸುಡುತ್ತಿದ್ದರೆ ಎಲ್ಲೋ ಪೋಲಾಗುತ್ತಿದೆ ಎಂದೇ ಅರ್ಥ.

ಮೊದಲ ಅನುಮಾನ ಹಸಿ ಸೌದೆಯ ಮೇಲೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡಲು ಬೆಂಕಿಯ ಶಕ್ತಿ ಖರ್ಚಾಗಿ, ಉರಿ ತಣ್ಣಗಾಗಿ, ಹೊಗೆ ಏಳುತ್ತದೆ. ತೂಕಕ್ಕೆ ತೂಕ ನೋಡಿದರೆ ಹಸಿ ಸೌದೆ ಕೊಡುವ ಶಾಖ ಒಣ ಸೌದೆಯ ಅರ್ಧದಷ್ಟು ಮಾತ್ರ. ಪರೀಕ್ಷೆ ಸುಲಭ: ಎರಡು ಸೀಳು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಪ್ ಎನ್ನುತ್ತದೆ. ಒಣಗಿದ ಸೌದೆಯ ಕೊನೆಯಲ್ಲಿ ಬಿರುಕು ಕಾಣುತ್ತದೆ, ತೊಗಟೆ ತಾನಾಗಿ ಬಿಡುತ್ತದೆ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಸುಂಯ್‌ಗುಟ್ಟಿದರೆ ಅದಿನ್ನೂ ಹಸಿ.

ಕಾಫಿ ತೋಟದ ಕಸಿಯ ರೆಂಬೆಯಿರಲಿ, ನೆರಳಿನ ಮರದ ಕೊಂಬೆಯಿರಲಿ, ಮುಂಗೈ ದಪ್ಪಕ್ಕೆ ಸೀಳಿ, ನಡುವೆ ಗಾಳಿ ಆಡುವಂತೆ ಅಡ್ಡಡ್ಡ ಪೇರಿಸಿ. ಮೇಲೆ ಮಾಡು, ಪಕ್ಕಗಳು ತೆರೆದಿರಲಿ. ನಾಲ್ಕೂ ಕಡೆ ಟಾರ್ಪಾಲಿನ್ ಸುತ್ತಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ನೆಲಕ್ಕೆ ತಾಗದಂತೆ ಕೆಳಗೆ ಕಲ್ಲು, ಅದರ ಮೇಲೆ ಅಡಿಕೆ ದಬ್ಬೆ ಹಾಕಿ. ಸುಗ್ಗಿ ಮುಗಿದೊಡನೆ ಸೀಳಿಟ್ಟದ್ದೇ ಆಷಾಢಕ್ಕೆ ಒದಗುವುದು. ಮೇ ಕೊನೆಯಲ್ಲಿ ಕಡಿದದ್ದು ಆ ವರ್ಷದ ಮಳೆಗೆ ಬರಲಾರದು.

ತೆಂಗಿನ ಕರಟ, ಒಣ ಮಟ್ಟೆ, ಅಡಿಕೆ ಹಾಳೆ ಬೆಂಕಿ ಹೊತ್ತಿಸಲು ಚೆನ್ನ. ಪ್ಲಾಸ್ಟಿಕ್, ಹಳೆಯ ಟೈರು, ಬಣ್ಣ ಬಳಿದ ಮರ ಬೇಡವೇ ಬೇಡ. ಅದರ ಹೊಗೆ ವಿಷ, ಕೊಳವೆಗೂ ಕುತ್ತು.

ಹಂತ 2: ಬೆಂಕಿಗೆ ಕೆಳಗಿನಿಂದ ಗಾಳಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯನ್ನು ಹಳಬರು ಬಲ್ಲರು. ಸೌದೆ ನೆಲದ ಮೇಲಲ್ಲ, ಜಾಲರಿಯ ಮೇಲೆ ಉರಿಯಬೇಕು; ಗಾಳಿ ಕೆಳಗಿನಿಂದ ಬರಬೇಕು; ಹೊಗೆ ಚಿಮಣಿಯಲ್ಲೇ ಹೋಗಬೇಕು. ಬಾಯ್ಲರಿಗೂ ಇದೇ ಸೂತ್ರ.

- ಜಾಲರಿಯ ಕೆಳಗಿನ ಬೂದಿಯನ್ನು ದಿನಾ ತೆಗೆಯಿರಿ. ಬೂದಿ ಜಾಲರಿಗೆ ತಾಗಿದರೆ ಗಾಳಿ ಕಟ್ಟುತ್ತದೆ, ಜಾಲರಿಯ ಸರಳೂ ಬೇಗ ಬಾಗುತ್ತದೆ.
- ಒಲೆಯ ಬಾಯಿ ತುಂಬ ಸೌದೆ ತುರುಕಬೇಡಿ. ಮೂರನೇ ಒಂದು ಭಾಗ ಖಾಲಿ ಇರಲಿ. ಹೊರಗೆ ಚಾಚಿದ ಉದ್ದನೆಯ ಕೊಳ್ಳಿಯಿಂದಾಗಿ ಬಾಗಿಲು ತೆರೆದೇ ಇದ್ದರೆ ತಣ್ಣನೆಯ ಗಾಳಿ ನುಗ್ಗಿ ಬಿಸಿಯನ್ನು ಚಿಮಣಿಗೆ ತಳ್ಳುತ್ತದೆ. ಒಲೆಯ ಅಳತೆಗೆ ಸೌದೆ ತುಂಡರಿಸಿ, ಬಾಗಿಲು ಹಾಕಿ, ಕೆಳಗಿನ ಗಾಳಿ ಕಿಂಡಿ ಮಾತ್ರ ತೆರೆದಿಡಿ.
- ಶುರುವಿನಲ್ಲಿ ಜೋರು ಉರಿ, ನೀರು ಕಾದ ಮೇಲೆ ಸಣ್ಣ ಉರಿ. ರಾತ್ರಿಯಿಡೀ ಹೊಗೆಯಾಡಲು ಬಿಡುವ ಅಭ್ಯಾಸದಿಂದ ಮಸಿ ಕಟ್ಟುವುದೇ ಹೆಚ್ಚು.

ಬೂದಿಯನ್ನು ತಗಡಿನ ಡಬ್ಬಕ್ಕೇ ತುಂಬಿ. ಅದರಡಿ ಕೆಂಡ ಮರುದಿನದವರೆಗೂ ಜೀವಂತ ಇರಬಲ್ಲದು. ಗೋಣಿಚೀಲಕ್ಕೆ ಹಾಕಿದರೆ ಕೊಟ್ಟಿಗೆಗೇ ಬೆಂಕಿ ಬಿದ್ದೀತು. ಪೂರ್ತಿ ಆರಿದ ಬೂದಿ ತೆಂಗು, ಅಡಿಕೆ ಬುಡಕ್ಕೆ ಪೊಟ್ಯಾಷ್ ಒದಗಿಸುತ್ತದೆ.

ಹಂತ 3: ಮಸಿ ಮತ್ತು ಚಿಮಣಿ

ಹೊಗೆ ಹಿಂದಕ್ಕೆ ಬರುತ್ತಿದ್ದರೆ ಚಿಮಣಿ ನೋಡಿ. ನಡುಕೊಳವೆಯ ಒಳಮೈಗೆ ಅಂಟುವ ಮಸಿ ಬಿಸಿಯನ್ನು ನೀರಿಗೆ ದಾಟಲು ಬಿಡುವುದಿಲ್ಲ. ಹಸಿ ಸೌದೆ ಸುಟ್ಟರೆ ಅದು ಡಾಂಬರಿನಂತೆ ಜಿಗುಟಾಗಿ ಗಟ್ಟಿಯಾಗುತ್ತದೆ. ಒಂದು ದಿನ ಜೋರು ಉರಿಗೆ ಆ ಮಸಿಗೇ ಬೆಂಕಿ ಹತ್ತಿದರೆ ಹೆಂಚಿನಡಿಯ ರೀಪು, ಪಕ್ಕಾಸುಗಳಿಗೂ ಅಪಾಯ.

ತಿಂಗಳಿಗೊಮ್ಮೆ, ಒಲೆ ಪೂರ್ತಿ ತಣಿದ ಮೇಲೆ, ಬಿದಿರ ಕೋಲಿನ ತುದಿಗೆ ತಂತಿ ಬ್ರಷ್ಷನ್ನೋ ಗೋಣಿಯ ಉಂಡೆಯನ್ನೋ ಕಟ್ಟಿ ಮೇಲಿಂದ ಕೆಳಕ್ಕೆ ಉಜ್ಜಿ. ಚಿಮಣಿಯ ತುದಿ ಮಾಡಿನ ನೆತ್ತಿಗಿಂತ ಎರಡು ಅಡಿಯಾದರೂ ಮೇಲಿದ್ದು ಟೋಪಿ ಇರಲಿ. 90 ಡಿಗ್ರಿಯ ಮೊಣಕೈ ಬೆಂಡು ಎರಡಿದ್ದರೆ ತೆಗೆಸಿ, ಓರೆ ಬೆಂಡು ಹಾಕಿಸಿ. ದೊಡ್ಡ ಬಾಯಿಯ ಬಾಯ್ಲರಿಗೆ ಸಣ್ಣ ವ್ಯಾಸದ ಚಿಮಣಿ ಜೋಡಿಸಿದ್ದರೆ ಉಳಿದದ್ದೇನು ಮಾಡಿದರೂ ಹೊಗೆ ನಿಲ್ಲುವುದಿಲ್ಲ.

ಹಂತ 4: ನೀರು ಕಾದಿದೆ, ನಲ್ಲಿಗೆ ಬರುತ್ತಿಲ್ಲ

ಇಲ್ಲಿಂದ ಮುಂದಿನದು ಪ್ಲಂಬರ್ ಕೆಲಸ. ಆದರೆ ಲಕ್ಷಣ ಗುರುತಿಸುವುದು ಮನೆಯವರಿಗೂ ಸಾಧ್ಯ.

*ಎರಡು ಬಕೆಟ್ಟಿಗೇ ತಣ್ಣಗಾದರೆ:* ತಣ್ಣೀರು ಸಿಲಿಂಡರಿನ ತಳಕ್ಕೆ ಬರಬೇಕು, ಬಿಸಿನೀರು ತಲೆಯಿಂದ ಹೋಗಬೇಕು. ಪೈಪು ಅದಲುಬದಲಾಗಿದ್ದರೆ, ಇಲ್ಲವೇ ತಣ್ಣೀರನ್ನು ತಳಕ್ಕೆ ಒಯ್ಯುವ ಒಳಗಿನ ಕೊಳವೆ ಕಳಚಿಬಿದ್ದಿದ್ದರೆ, ಬಿಸಿನೀರಿನ ನಡುವೆಯೇ ತಣ್ಣೀರು ಬೆರೆಯುತ್ತದೆ.

*ನೀರು ತೊಟ್ಟಿಕ್ಕಿ, ಬುಸುಗುಟ್ಟಿ ಬಂದರೆ:* ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಬಿಸಿನೀರಿನ ಪೈಪು ಬಾಗಿಲ ಮೇಲಿಂದ ಹತ್ತಿ ಇಳಿದಿದ್ದರೆ ಆ ಏರಿನಲ್ಲಿ ಗಾಳಿ ನಿಲ್ಲುತ್ತದೆ. ಪೈಪು ವೆಂಟ್ ಕಡೆಗೆ ತುಸು ಏರುವಂತೆ ಓರೆ ಕೊಡಿಸಿ. ಅದಾಗದಿದ್ದರೆ ಏರಿನ ನೆತ್ತಿಯಲ್ಲಿ ಇನ್ನೊಂದು ಸಣ್ಣ ವೆಂಟ್ ಹಾಕಿಸಿ.

*ರಾತ್ರಿ ಕಳೆದು ಟ್ಯಾಂಕಿನ ನೀರು ಬೆಚ್ಚಗಿದ್ದರೆ:* ಬಿಸಿನೀರು ತಣ್ಣೀರಿನ ಪೈಪಿನಲ್ಲೇ ಹಿಮ್ಮುಖವಾಗಿ ಏರುತ್ತಿದೆ. ಬಾಯ್ಲರಿಗೆ ಸೇರುವ ಮುಂಚೆ ತಣ್ಣೀರಿನ ಪೈಪು ಒಂದೆರಡು ಅಡಿ ಕೆಳಗಿಳಿದು ಮೇಲೇರುವಂತೆ ‘ಯು’ ಆಕಾರ ಮಾಡಿಸಿದರೆ ಇದು ತಗ್ಗುತ್ತದೆ.

*ಶವರ್ ತಿರುಗಿಸಿದರೆ ವೆಂಟ್ ಪೈಪಿನಿಂದ ನೀರು ಚೆಲ್ಲಿದರೆ:* ಮಿಕ್ಸರ್ ನಲ್ಲಿಯ ತಣ್ಣೀರು ಪ್ರೆಶರ್ ಪಂಪಿನದು, ಬಿಸಿನೀರು ಬರಿಯ ಟ್ಯಾಂಕಿನದು. ಒತ್ತಡ ಹೆಚ್ಚಿರುವ ತಣ್ಣೀರು ಬಾಯ್ಲರಿನೊಳಕ್ಕೇ ನುಗ್ಗುತ್ತಿದೆ. ಎರಡನ್ನೂ ಒಂದೇ ಟ್ಯಾಂಕಿನಿಂದ ಕೊಡಿಸಿ.

ಹಂತ 5: ಕಾದ ಬಿಸಿ ಉಳಿಯಲಿ

ಬಾಯ್ಲರ್ ಹೊರಗಿದ್ದರೆ ಗಾಳಿ, ಇರಚಲು ಹೊಡೆದು ಬಿಸಿ ಬೇಗ ಇಳಿಯುತ್ತದೆ. ಸಿಲಿಂಡರಿಗೆ ಎರಡು ಇಂಚು ದಪ್ಪ ರಾಕ್‌ವುಲ್ ಅಥವಾ ಗ್ಲಾಸ್‌ವುಲ್ ಸುತ್ತಿಸಿ, ಮೇಲೆ ಅಲ್ಯೂಮಿನಿಯಂ ಶೀಟು ಹೊದಿಸಿ. ರಾಕ್‌ವುಲ್ ನೆನೆದರೆ ಉಪಯೋಗವಿಲ್ಲ, ಹಾಗಾಗಿ ಮಾಡು ಮುಖ್ಯ. ಥರ್ಮಾಕೋಲ್ ಕರಗುತ್ತದೆ, ಗೋಣಿಗೆ ಬೆಂಕಿ ಹತ್ತುತ್ತದೆ, ಎರಡೂ ಬೇಡ.

ಪೈಪಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಮುಕ್ಕಾಲು ಇಂಚಿನ 20 ಮೀಟರ್ ಪೈಪಿನಲ್ಲಿ ಸುಮಾರು ಆರು ಲೀಟರ್ ನೀರು ನಿಲ್ಲುತ್ತದೆ. ಪ್ರತಿಸಲ ಅಷ್ಟು ತಣ್ಣೀರು ಹರಿದ ಮೇಲೆಯೇ ಬಿಸಿಯ ಸರದಿ. ಬಾಯ್ಲರನ್ನು ಬಚ್ಚಲಿನ ಹತ್ತಿರಕ್ಕೆ ತರಲಾಗದಿದ್ದರೆ ಪೈಪಿಗೆ ಫೋಮ್ ಕೊಳವೆ ತೊಡಿಸಿ.

ಬಾಯ್ಲರಿನಿಂದ ಹೊರಡುವ ಮೊದಲ ಒಂದೆರಡು ಮೀಟರ್ ಲೋಹದ ಪೈಪೇ ಇರಲಿ. ಸಾಮಾನ್ಯ ಪಿವಿಸಿ ಬಿಸಿಗೆ ಮೆತ್ತಗಾಗಿ ಜೋತು ಬೀಳುತ್ತದೆ. ಸಿಪಿವಿಸಿ ತಾಳುವುದು 93 ಡಿಗ್ರಿವರೆಗೆ. ಕುದಿನೀರಿಗೆ ಅದೂ ಅಲ್ಲ. ತಾಮ್ರದ ಬಾಯ್ಲರಾದರೆ ಮುಂದಕ್ಕೆ ಜಿಐ ಪೈಪು ಬೇಡ. ತಾಮ್ರದ ಅಂಶ ನೀರಿನಲ್ಲಿ ಹೋಗಿ ಕುಳಿತಲ್ಲೆಲ್ಲ ಜಿಐ ತೂತು ಬೀಳುತ್ತದೆ.

ಹಂತ 6: ಒಳಗೆ ಏನು ಕಟ್ಟಿದೆ?

ಕಾಯುವಾಗ ಒಳಗಿನಿಂದ ಚಟಪಟ, ಗುಡುಗುಡು ಸದ್ದು ಬಂದರೆ ಬಿಳಿ ಗಡಸು ಪದರ ಕಟ್ಟಿದೆ. ಬೋರ್‌ವೆಲ್ ನೀರಿನಲ್ಲಿ ಇದು ಸಾಮಾನ್ಯ. ತಳದ ಡ್ರೈನ್ ನಲ್ಲಿ ತಿರುಗಿಸಿ ತಿಂಗಳಿಗೊಮ್ಮೆ ಗಸಿ ಬಿಟ್ಟರೆ ಪದರ ದಪ್ಪವಾಗುವುದಿಲ್ಲ. ಆಗಲೇ ದಪ್ಪವಾಗಿದ್ದರೆ ತಣ್ಣಗಿರುವ ತಾಮ್ರ ಅಥವಾ ಸ್ಟೀಲ್ ಬಾಯ್ಲರಿಗೆ ನಿಂಬೆಉಪ್ಪಿನ ದ್ರಾವಣ, ಲೀಟರಿಗೆ 50 ಗ್ರಾಂನಂತೆ, ತುಂಬಿ ಕೆಲವು ತಾಸು ಬಿಟ್ಟು ಎರಡು ಮೂರು ಸಲ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಯಾವ ಬಾಯ್ಲರಿಗೂ ಸಲ್ಲದು. ಜಿಐ ಬಾಯ್ಲರಿಗೆ ನಿಂಬೆಉಪ್ಪೂ ಆಗದು, ಸತುವಿನ ಲೇಪ ಹೋಗುತ್ತದೆ.

ಮಳೆ ಜಾಸ್ತಿಯಿರುವ ಕಡೆಯ ಬಾವಿ, ಒರತೆಗಳಲ್ಲಿ ತೊಂದರೆ ತಿರುಗುಮುರುಗು. ಅಲ್ಲಿನ ನೀರು ಮೃದು, ಎಷ್ಟೋ ಕಡೆ ತುಸು ಆಮ್ಲೀಯ. ನಲ್ಲಿಯಡಿ ನೀಲಿ–ಹಸಿರು ಕಲೆ ಕಂಡರೆ ತಾಮ್ರ ಸವೆಯುತ್ತಿದೆ, ಕಂದು ಕಲೆ ಕಂಡರೆ ಕಬ್ಬಿಣ. ಬಾಯ್ಲರಿನ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಮುಂದೆ ಬದಲಿಸುವಾಗ ಸ್ಟೇನ್‌ಲೆಸ್ ಸ್ಟೀಲ್ ನೋಡಿ.

ಬಳಸುವಾಗ ಮರೆಯಬಾರದ್ದು

- ಬೆಂಕಿ ಹಾಕುವ ಮುಂಚೆ ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ಬರುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಖಾಲಿ ಬಾಯ್ಲರ್ ಕಾದರೆ ಬೆಸುಗೆ ಬಿಡುತ್ತದೆ. ಹಾಗೇನಾದರೂ ಆದರೆ ಕೂಡಲೇ ತಣ್ಣೀರು ಬಿಡಬೇಡಿ. ಬೆಂಕಿ ಹೊರಗೆಳೆದು ತಾನಾಗಿ ಆರಲು ಬಿಡಿ.
- ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಮಕ್ಕಳು, ವಯಸ್ಸಾದವರಿರುವ ಮನೆಯಲ್ಲಿ ಇದನ್ನು ರೂಢಿ ಮಾಡಿಕೊಳ್ಳಿ.
- ಒಲೆಬಾಯಿ ಬಚ್ಚಲಿನ ಒಳಗೇ ಇದ್ದರೆ ಗೋಡೆಯ ಆಚೆಗೆ ತಿರುಗಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನ ಮಾಡುವವರು ತಲೆಸುತ್ತಿ ಬೀಳುವವರೆಗೂ ಗೊತ್ತಾಗುವುದಿಲ್ಲ.

ಇಷ್ಟನ್ನು ಮೂರು ಕಂತಿನಲ್ಲಿ ಮಾಡಿಕೊಳ್ಳಬಹುದು. ಜನವರಿ–ಫೆಬ್ರುವರಿಯಲ್ಲಿ ಸೌದೆ ಸೀಳಿ ಪೇರಿಸುವುದು, ಮೇ ತಿಂಗಳಲ್ಲಿ ಚಿಮಣಿ, ವೆಂಟ್, ಪೈಪು ತಪಾಸಣೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಸಿ ಮತ್ತು ಗಸಿ. ಬಾಯ್ಲರ್ ಬದಲಿಸುವ ಮಾತು ಇವೆಲ್ಲ ಆದ ಮೇಲೆ, ಸೌದೆ ಇನ್ನೊಮ್ಮೆ ತೂಗಿ ನೋಡಿದ ಮೇಲೆ. ಬೇರೆ ಯಾವುದು ತಡವಾದರೂ ಪರವಾಗಿಲ್ಲ, ವೆಂಟ್ ಪೈಪನ್ನು ಮಾತ್ರ ಈ ವಾರವೇ ನೋಡಿಬಿಡಿ.