ಲಾರಿ ಹತ್ತುವ ಮುನ್ನ

ಪ್ರಶ್ನೆ: ಮ್ಯಾಂಚೆಸ್ಟರ್‌ನ ಡಿಡ್ಸ್‌ಬರಿಯಲ್ಲಿದ್ದೇನೆ. ಗೋದಾಮಿನ ಕೆಲಸ ಬಿಟ್ಟು ದೂರದೂರಿಗೆ ಲಾರಿ ಓಡಿಸುವಾಸೆ. ಭಾರತದ ಹೆವಿ ಲೈಸೆನ್ಸ್ ಇದೆ. ಮನೆಯಲ್ಲಿ ಪುಟ್ಟ ಮಗುವಿದೆ.

ಉತ್ತರ: ನಿಮ್ಮ ಹೆವಿ ಲೈಸೆನ್ಸ್ ಇಲ್ಲಿ ಲಾರಿಗೆ ನಡೆಯುವುದಿಲ್ಲ. ಮೊದಲು ಬ್ರಿಟಿಷ್ ಕಾರ್ ಲೈಸೆನ್ಸ್, ಆಮೇಲೆ ವೈದ್ಯಕೀಯ ತಪಾಸಣೆ, ಲಾರಿ ಪರೀಕ್ಷೆ, ಚಾಲಕರ ಸಿಪಿಸಿ (ವೃತ್ತಿಪರ ಅರ್ಹತಾ ಪತ್ರ). ಹೊಸಬರಿಗೆ ಹೆಚ್ಚಾಗಿ ಸಿಗುವುದು ಏಜೆನ್ಸಿ ಕೆಲಸ, ರಾತ್ರಿಪಾಳಿ. ಚಾಲನೆಯ ಮಿತಿ ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ 10. ನಾಲ್ಕೂವರೆ ಗಂಟೆಯ ಚಾಲನೆಗೆ 45 ನಿಮಿಷ ವಿರಾಮ. ಲೋಡಿಂಗ್‌ಗೆ ಕಾಯುವ ಹೊತ್ತು ಸೇರಿದರೆ ದುಡಿಮೆ ಇನ್ನೂ ಉದ್ದ. ಟ್ರ್ಯಾಂಪಿಂಗ್ ಎಂದರೆ ವಾರದ ಹೆಚ್ಚಿನ ರಾತ್ರಿಗಳು ಕ್ಯಾಬಿನ್‌ನಲ್ಲೇ. ಮಗು ಚಿಕ್ಕದು, ನಾನಾದರೆ ಹತ್ತಿರದ ಟ್ರಾಫರ್ಡ್ ಪಾರ್ಕ್ ಕಡೆ ಸಂಜೆಗೆ ಮನೆ ಸೇರುವ ಕೆಲಸವನ್ನೇ ಹುಡುಕುತ್ತಿದ್ದೆ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ವೈದ್ಯಕೀಯ ತಪಾಸಣೆಯಲ್ಲಿ ಅಡ್ಡಿಯಾಗಬಹುದು; ತರಬೇತಿಗೆ ಹಣ ಕಟ್ಟುವ ಮೊದಲೇ ನಿಮ್ಮ ವೈದ್ಯರನ್ನು (ಜಿಪಿ) ಕಾಣಿ. ವೀಸಾ ಷರತ್ತಿದ್ದರೆ ವಲಸೆ ವಕೀಲರನ್ನೂ ಕೇಳಿ.