ಪಾಠ: ಕೆರೆ ತುಂಬಿದ ಮೇಲೆ ಪಂಚಾಯಿತಿಯ ಹೊಣೆ



ಬೆಂಗಳೂರು ನಗರವು ಬಳಸಿಬಿಟ್ಟ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಬಯಲುಸೀಮೆಯ ಕೆರೆಗಳಿಗೆ ಹರಿಸುವುದು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಉದ್ದೇಶ. ದಿನಕ್ಕೆ 440 ದಶಲಕ್ಷ ಲೀಟರ್ ಇದರ ಗುರಿ. 2018ರ ಜೂನ್‌ನಲ್ಲಿ ಈ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು.

ಈ ನೀರು ಅಂತರ್ಜಲ ಮರುಪೂರಣಕ್ಕೆ ಮೀಸಲು. ಕೆರೆಗೆ ಪಂಪ್ ಇಟ್ಟು ನೇರವಾಗಿ ಎತ್ತುವಂತಿಲ್ಲ. ಆದ್ದರಿಂದ ಇದರ ಲಾಭ ಮೊದಲು ಕೊಳವೆಬಾವಿ ಉಳ್ಳವರಿಗೆ ದೊರೆಯುತ್ತದೆ. ಬಾವಿ ಕೊರೆಸಲಾಗದ ಸಣ್ಣ ರೈತರ, ಭೂರಹಿತ ಕೂಲಿಕಾರರ ಬಡತನವು ಕೆರೆ ತುಂಬಿದ ಮಾತ್ರಕ್ಕೆ ನೀಗದು. ಈ ಅಂತರವನ್ನು ತಗ್ಗಿಸಲು ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು:

1. ನೀರಾವರಿ ಇಲ್ಲದ ಹಾಗೂ ಭೂರಹಿತ ಕುಟುಂಬಗಳ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಸಿದ್ಧಪಡಿಸುವುದು.
2. ಮಳೆಯಾಶ್ರಿತ ಹೊಲಗಳಲ್ಲಿ ಬದು, ಕೃಷಿಹೊಂಡಗಳಿಗೆ ಆದ್ಯತೆ ನೀಡುವುದು. ಒಂದು ಎಕರೆಯ ಮೇಲೆ 10 ಮಿ.ಮೀ. ಮಳೆ ಸುರಿದರೆ ಬೀಳುವ ನೀರು ಸುಮಾರು 40,000 ಲೀಟರ್.
3. ಭೂರಹಿತ ಮಹಿಳೆಯರ ಸ್ವಸಹಾಯ ಸಂಘಗಳಿಗೆ ಹೈನುಗಾರಿಕೆ, ಕುರಿ ಸಾಕಾಣಿಕೆಗಾಗಿ ಬ್ಯಾಂಕ್ ಸಾಲ ದೊರಕುವಂತೆ ನೆರವಾಗುವುದು.
4. ಕೆರೆ ಹಾಗೂ ಕುಡಿಯುವ ನೀರಿನ ಪರೀಕ್ಷಾ ವರದಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು.

ಚರ್ಚೆಗೆ: ತಮ್ಮ ಗ್ರಾಮದ ಈ ಸಾಲಿನ ಕ್ರಿಯಾಯೋಜನೆಯಲ್ಲಿ ಕೊಳವೆಬಾವಿ ಇಲ್ಲದ ಕುಟುಂಬಗಳಿಗೆ ನೇರವಾಗಿ ತಲುಪುವ ಕಾಮಗಾರಿಗಳು ಎಷ್ಟು?