ಗುಡಾಣದೊಳಗಿನ ಮಂದ್ರನಾದ

ನಮ್ಮ ಸಂಗೀತಶಾಸ್ತ್ರವು ನಾದವನ್ನು ಮಂದ್ರ, ಮಧ್ಯ, ತಾರ ಎಂಬ ಮೂರು ಸ್ಥಾಯಿಗಳಲ್ಲಿ ವಿಂಗಡಿಸಿದೆ. ಇವುಗಳಲ್ಲಿ ಯಂತ್ರದ ಹಿಡಿತಕ್ಕೆ ಸುಲಭವಾಗಿ ಸಿಕ್ಕದಿರುವುದು ಮಂದ್ರ. ಅಂಗೈಯಗಲದ ಮೊಬೈಲಿನಲ್ಲಿ ಕಚೇರಿಯೊಂದನ್ನು ಕೇಳಿದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಗಾಯಕರ ಕಂಠ ಕೇಳುತ್ತದೆ, ಪಿಟೀಲು ಕೇಳುತ್ತದೆ, ಮೃದಂಗದ ಬಲಮುಖದ ನುಡಿಯೂ ಕೇಳುತ್ತದೆ. ಎಡಮುಖದ ಗುಂಕಾರ ಮಾತ್ರ ಎಲ್ಲಿಯೋ ಅಡಗಿಹೋಗುತ್ತದೆ. ಮೃದಂಗದ ಎಡಮುಖಕ್ಕೆ ನುಡಿಸುವ ಮುನ್ನ ನೀರಿನಲ್ಲಿ ಕಲಸಿದ ರವೆಯ ಮುದ್ದೆಯನ್ನು ಮೆತ್ತುವ ಸಂಪ್ರದಾಯವುಂಟು. ಆ ತೂಕದಿಂದ ಚರ್ಮವು ನಿಧಾನವಾಗಿ ಕಂಪಿಸಿ ದನಿ ತಗ್ಗುತ್ತದೆ. ಅಷ್ಟು ಪರಿಶ್ರಮದಿಂದ ಪಡೆದ ದನಿಯೇ ಯಂತ್ರದಲ್ಲಿ ಇಲ್ಲವಾಗುತ್ತದೆ.

ಈ ಕೊರತೆ ನನಗೆ ಬರಿಯ ಶಾಸ್ತ್ರದ ಮಾತಾಗಿರಲಿಲ್ಲ. ನನ್ನ ಅಣ್ಣ ಮೃದಂಗ ನುಡಿಸುತ್ತಿದ್ದರು. ಹೆಸರಾಂತ ವಿದ್ವಾಂಸರೇನಲ್ಲ, ನಮ್ಮ ಸೀಮೆಯ ಉತ್ಸವಗಳಲ್ಲಿ ಪಕ್ಕವಾದ್ಯಕ್ಕೆ ಕೂರುತ್ತಿದ್ದವರು. 1984ರ ರಾಮನವಮಿಯ ಕಚೇರಿಯೊಂದನ್ನು ಯಾರೋ ಪುಣ್ಯಾತ್ಮರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಅಣ್ಣ ತೀರಿಕೊಂಡ ಮೇಲೆ ನಮ್ಮಲ್ಲಿ ಉಳಿದ ಅವರ ವಾದನವೆಂದರೆ ಅದೊಂದೇ. ಅದನ್ನು ಹಾಕಿದಾಗಲೆಲ್ಲ ಅತ್ತಿಗೆ ಸ್ವಲ್ಪ ಹೊತ್ತು ಕೇಳಿ, “ಇದರಲ್ಲಿ ಅವರ ಎಡಗೈ ಇಲ್ಲ” ಎಂದು ಎದ್ದುಹೋಗುತ್ತಿದ್ದರು. ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮೊಮ್ಮಗ ಒಂದು ದಿನ ಈ ಮಾತನ್ನು ಕಿವಿಗೆ ಹಾಕಿಕೊಂಡ. “ಎಡಗೈ ಟೇಪಿನಲ್ಲಿ ಇದ್ದರೂ ಇರಬಹುದು ಚಿಕ್ಕತಾತ. ಅದನ್ನು ಹೊರಡಿಸುವ ಪೆಟ್ಟಿಗೆ ನಮ್ಮಲ್ಲಿಲ್ಲ” ಎಂದ.

ಇಲ್ಲಿ ಪೆಟ್ಟಿಗೆಯ ಮಾತೇಕೆ ಬಂದಿತೆಂದು ನೀವು ಕೇಳಬಹುದು. ಧ್ವನಿವರ್ಧಕದ ಮುಖದಲ್ಲಿ ಕಾಗದದಂಥ ತೆಳುವಸ್ತುವಿನ ಶಂಕುವೊಂದು ಇರುತ್ತದೆ. ಅದು ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ; ಅದೇ ಕ್ಷಣದಲ್ಲಿ ಬೆನ್ನ ಹಿಂದಿನ ಗಾಳಿ ವಿರಳವಾಗುತ್ತದೆ. ಸೆಕೆಂಡಿಗೆ 50 ಕಂಪನಗಳ ಮಂದ್ರನಾದವನ್ನು ತೆಗೆದುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಈ ನಾದದ ಒಂದು ಅಲೆಯ ಉದ್ದ ಹತ್ತಿರ ಹತ್ತಿರ 7 ಮೀಟರ್. ಅಂಥ ಅಲೆಯ ಮುಂದೆ ಗೇಣಗಲದ ಶಂಕು ಯಾವ ಲೆಕ್ಕ? ಒತ್ತಿದ ಗಾಳಿಯು ಅಂಚಿನಿಂದ ನುಸುಳಿ ಹಿಂದಿನ ವಿರಳತೆಯನ್ನು ತುಂಬಿಬಿಡುತ್ತದೆ. ನಾದ ಹುಟ್ಟುವಲ್ಲಿಯೇ ಸಾಯುತ್ತದೆ. ಕೆರೆಯ ನೀರಿನಲ್ಲಿ ಅಂಗೈಯನ್ನು ಮೆಲ್ಲಗೆ ಆಡಿಸಿ ನೋಡಿ. ನೀರು ಕೈಯಂಚಿನಿಂದ ಹಿಂದಕ್ಕೆ ಜಾರುತ್ತದೆಯೇ ಹೊರತು ದೊಡ್ಡ ಅಲೆ ಏಳುವುದಿಲ್ಲ. ಆದುದರಿಂದ ಶಂಕುವಿನ ಹಿಂಬದಿಯ ನಾದವನ್ನು ಸೆರೆಯಲ್ಲಿಡಬೇಕು. ಆ ಸೆರೆಮನೆಯೇ ಪೆಟ್ಟಿಗೆ. ಮಂದ್ರಕ್ಕೆಂದೇ ಮೀಸಲಾದ ಧ್ವನಿವರ್ಧಕವನ್ನು ಇಂಥ ಪೆಟ್ಟಿಗೆಯಲ್ಲಿ ಕೂರಿಸಿದಾಗ ಅದಕ್ಕೆ ಸಬ್‌ವೂಫರ್ ಎಂದು ಹೆಸರು.

ಪೆಟ್ಟಿಗೆಯನ್ನು ಪೂರ್ತಿ ಮುಚ್ಚುವುದು ಒಂದು ಕ್ರಮ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗಿನಂತೆ ಬಳಸಿ, ಚಿಕ್ಕ ಪೆಟ್ಟಿಗೆಯಿಂದಲೂ ಆಳವಾದ ನಾದವನ್ನು ಹೊರಡಿಸಿದರು. ಇನ್ನೊಂದು ಕ್ರಮ ಹೆಚ್ಚು ಜಾಣತನದ್ದು. ಪೆಟ್ಟಿಗೆಗೆ ಕೊಳವೆಯೊಂದನ್ನು ಇಟ್ಟು, ಸೆರೆಯಾದ ನಾದವನ್ನು ತಿರುವಿ ಮುಂದಿನ ನಾದದ ಜೊತೆಗೆ ಕೂಡಿಸುವುದು. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ತುರಾಸ್ ಇದಕ್ಕೆ 1932ರಲ್ಲಿ ಪೇಟೆಂಟ್ ಪಡೆದರು. ಇದರ ಮೂಲತತ್ತ್ವ ಇನ್ನೂ ಹಳೆಯದು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಅದು ವಿವರಿಸಲ್ಪಟ್ಟಿದೆ. ಖಾಲಿ ಸೀಸೆಯ ಬಾಯಂಚಿಗೆ ಊದಿದಾಗ ‘ಊಂ’ ಎಂದು ದನಿ ಬರುವುದನ್ನು ನೀವೆಲ್ಲರೂ ಬಲ್ಲಿರಿ. ಸೀಸೆಯ ಕೊರಳಿನ ಗಾಳಿ ಒಂದು ತೂಕದ ಗುಂಡಿನಂತೆ, ಹೊಟ್ಟೆಯ ಗಾಳಿ ಅದನ್ನು ಹಿಡಿದ ಸ್ಪ್ರಿಂಗಿನಂತೆ ವರ್ತಿಸುತ್ತವೆ. ಹೊಟ್ಟೆ ದೊಡ್ಡದಾದಷ್ಟೂ, ಕೊರಳು ಉದ್ದವಾದಷ್ಟೂ ದನಿ ತಗ್ಗುತ್ತದೆ.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಮಂದ್ರನಾದಕ್ಕೆ ಪೆಟ್ಟಿಗೆಯ ಗಾತ್ರ ಮುಖ್ಯ, ಆಕಾರವಲ್ಲ. ಏಳು ಮೀಟರ್ ಉದ್ದದ ಅಲೆಗೆ ಮೊಳದುದ್ದದ ಪೆಟ್ಟಿಗೆ ಚೌಕವೋ ದುಂಡೋ ತಿಳಿಯುವುದೇ ಇಲ್ಲ. ಹ್ಯಾರಿ ಓಲ್ಸನ್ ಎಂಬ ವಿಜ್ಞಾನಿ 1951ರಲ್ಲಿ ಹನ್ನೆರಡು ಆಕಾರಗಳ ಪೆಟ್ಟಿಗೆಗಳನ್ನು ಹೋಲಿಸಿ ಬರೆದರು. ಗೋಳದಿಂದ ಹೊರಟ ನಾದ ನಯವಾಗಿತ್ತು, ಘನಾಕೃತಿಯಿಂದ ಹೊರಟದ್ದು ಏರುತಗ್ಗಾಗಿತ್ತು. ಆದರೆ ಆ ವ್ಯತ್ಯಾಸ ಮೇಲಿನ ಸ್ವರಗಳದ್ದು. ಹಾಗಿದ್ದ ಮೇಲೆ ಅಂಗಡಿಯ ಪೆಟ್ಟಿಗೆಗಳೆಲ್ಲ ಚೌಕವಾಗಿರುವುದೇಕೆ? ಬಡಗಿಯ ಗರಗಸ ನೇರವಾಗಿ ಕೊಯ್ಯುತ್ತದೆ ಎಂಬುದಲ್ಲದೆ ಬೇರೆ ದೊಡ್ಡ ಕಾರಣ ನನಗೆ ತೋರುವುದಿಲ್ಲ. ಚಪ್ಪಟೆಯಾದ ಹಲಗೆಯಾದರೋ ಒತ್ತಡಕ್ಕೆ ತಾನೂ ನಡುಗಿ ತನ್ನದೇ ದನಿಯನ್ನು ಬೆರೆಸುತ್ತದೆ. ದುಂಡಾದ ಗೋಡೆ ಹಾಗೆ ಬಾಗುವುದಿಲ್ಲ. ಕೋಳಿಮೊಟ್ಟೆಯನ್ನು ಅಂಗೈಯಲ್ಲಿ ಅಮುಕಿದವರಿಗೆ ಇದು ಗೊತ್ತು.

ಹುಡುಗ ಇದನ್ನೆಲ್ಲ ವಿವರಿಸುತ್ತಿದ್ದಾಗ ನನಗೆ ನಮ್ಮೂರಿನ ಹಳೆಯ ಕಾಫಿ ಹೋಟೆಲು ನೆನಪಾಯಿತು. 1970ರ ದಶಕದಲ್ಲಿ ಅಲ್ಲಿಯ ಯಜಮಾನರು ಮಡಕೆಯ ಬಾಯಿಗೆ ಧ್ವನಿವರ್ಧಕವನ್ನು ಕೂರಿಸಿ ರೇಡಿಯೋಗೆ ಜೋಡಿಸಿದ್ದರು. ಚಿತ್ರಗೀತೆಗಳು ಆ ಮಡಕೆಯಿಂದ ತುಂಬುಗಂಭೀರವಾಗಿ ಹೊರಡುತ್ತಿದ್ದವು. ಅವರು ಹೆಲ್ಮ್‌ಹೋಲ್ಟ್ಸನ ಹೆಸರನ್ನು ಕೇಳಿದವರಲ್ಲ. “ಗುಡಾಣದಲ್ಲೇ ಮಾಡೋಣ” ಎಂದೆ. ಹುಡುಗ ನಗುತ್ತಾನೆಂದು ಎಣಿಸಿದ್ದೆ. ಅವನು ಲೆಕ್ಕ ಹಾಕಲು ಕುಳಿತ. ಎಂಟು ಅಂಗುಲದ ಧ್ವನಿವರ್ಧಕಕ್ಕೆ 30 ಲೀಟರ್ ಗಾಳಿ ಬೇಕು. 7 ಸೆಂಟಿಮೀಟರ್ ಒಳವ್ಯಾಸದ, 12 ಸೆಂಟಿಮೀಟರ್ ಉದ್ದದ ಕೊಳವೆಯಿಟ್ಟರೆ ಆ ಗಾಳಿ ಸೆಕೆಂಡಿಗೆ 45ರಿಂದ 50 ಕಂಪನಗಳಲ್ಲಿ ಅನುರಣಿಸುತ್ತದೆ. ಗೋಳದೊಳಗೆ ದನಿ ಅತ್ತಿತ್ತ ಪುಟಿದು ಮೊಳಗುವ ದೋಷವುಂಟಷ್ಟೆ. ಈ ಗಾತ್ರದ ಗುಡಾಣದಲ್ಲಿ ಅದು 500 ಕಂಪನಗಳಿಗೂ ಮೇಲೆ ಬರುವುದರಿಂದ ನಮ್ಮ ಮಂದ್ರಕ್ಕೆ ಬಾಧಕವಿಲ್ಲ.

ಕುಂಬಾರರಲ್ಲಿಗೆ ಹೋಗಿ, ಬಾಯಿ ಸರಿಯಾಗಿ 18.5 ಸೆಂಟಿಮೀಟರ್ ಇರಬೇಕೆಂದೂ, ಹೊಟ್ಟೆಯ ಪಕ್ಕದಲ್ಲಿ ಕೊಳವೆಗೆ ಒಂದು ತೂತು ಬೇಕೆಂದೂ ಹೇಳಿದೆವು. ಅವರು, “ಹಸಿಯ ಅಳತೆಯೋ, ಸುಟ್ಟ ಮೇಲಿನ ಅಳತೆಯೋ ಮೇಷ್ಟ್ರೇ?” ಎಂದು ಕೇಳಿದರು. ನಲವತ್ತು ವರ್ಷ ಪಾಠ ಹೇಳಿದ ಗತ್ತಿನಲ್ಲಿ ನಾನು, “ಅಳತೆ ಎಂದರೆ ಅಳತೆ. ಈ ಕಡ್ಡಿಯಷ್ಟೇ ಇರಲಿ” ಎಂದು ಅಳತೆಕಡ್ಡಿಯನ್ನು ಕೊಟ್ಟು ಬಂದೆ. ಅವರು ಮತ್ತೆ ಮಾತನಾಡಲಿಲ್ಲ. ಮೂರು ವಾರಗಳ ನಂತರ ಆವಿಗೆಯಿಂದ ಬಂದ ಗುಡಾಣದ ಬಾಯಿ 17 ಸೆಂಟಿಮೀಟರ್ ಇದ್ದಿತು. ಧ್ವನಿವರ್ಧಕ ಒಳಗಿಳಿಯಲಿಲ್ಲ. ಒಣಗುವಾಗ ನೀರು ಆರಿ, ಸುಡುವಾಗ ಕಣಗಳು ಒತ್ತೊತ್ತಾಗಿ, ಜೇಡಿಮಣ್ಣು ಕುಗ್ಗುತ್ತದೆ. ಬಾಯಿಯೂ ತೂತೂ ಅದರೊಂದಿಗೆ ಕುಗ್ಗುತ್ತವೆ. ಅವರ ಪ್ರಶ್ನೆಯಲ್ಲಿ ಅಷ್ಟೂ ಇತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಎರಡನೆಯ ಸಲ ನಾನು ಕಡ್ಡಿಯನ್ನು ಕೊಡಲಿಲ್ಲ. ಧ್ವನಿವರ್ಧಕವನ್ನೇ ಕೊಂಡೊಯ್ದು ಅವರ ಕೈಗಿತ್ತೆ. ಅವರು ಅದನ್ನು ತಿರುಗಿಸಿ ನೋಡಿ, “ಒಂದು ಬೆರಳಗಲ ಹೆಚ್ಚಿಗೆ ಇಡುತ್ತೇನೆ” ಎಂದರು. ಹುಡುಗ ಲೆಕ್ಕ ಮಾಡಿದಾಗ ಬಂದ ಹೆಚ್ಚುವರಿ 1.6 ಸೆಂಟಿಮೀಟರ್; ಅವರ ಬೆರಳಗಲವೂ ಅಷ್ಟೇ.

ಉಳಿದ ಕೆಲಸ ಬೇಗ ಮುಗಿಯಿತು. ಗುಡಾಣದ ಗಾತ್ರವನ್ನು ನೀರು ತುಂಬಿ ಅಳೆಯೋಣವೆಂದರೆ ಹಸಿ ಹೀರುವ ಮಣ್ಣು. ರಾಗಿ ತುಂಬಿ ಲೀಟರ್ ಪಾತ್ರೆಯಿಂದ ಅಳೆದೆವು. 32 ಲೀಟರ್ ಆಯಿತು. ಧ್ವನಿವರ್ಧಕದ ಅಯಸ್ಕಾಂತವೂ ಕೊಳವೆಯೂ ಹಿಡಿಯುವ ಜಾಗವನ್ನು ಕಳೆದರೆ ಬೇಕಾದಷ್ಟೇ. ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಗಾಳಿ ಸೋರದಂತೆ ಒಳಗೆ ಎರಡು ಸಲ ವಾರ್ನಿಷ್ ಬಳಿದೆವು. ಮಣ್ಣಿಗೆ ತಿರುಪು ಹಿಡಿಯುವುದಿಲ್ಲವಾದ್ದರಿಂದ ಪ್ಲೈವುಡ್ಡಿನ ಬಳೆಯೊಂದನ್ನು ಬಾಯಿಗೆ ಅಂಟಿಸಿ, ಅದರ ಮೇಲೆ ಧ್ವನಿವರ್ಧಕವನ್ನು ಆಕಾಶಮುಖವಾಗಿ ಬಿಗಿದೆವು. ಮಂದ್ರನಾದ ಎಲ್ಲ ದಿಕ್ಕಿಗೂ ಒಂದೇ ಸಮನೆ ಹರಡುವುದರಿಂದ ಮುಖ ಎತ್ತ ಇದ್ದರೇನು! ನಾದ ಹೊರಡಿಸಿ, ಬಳೆಯ ಸುತ್ತ ಊದುಬತ್ತಿ ಹಿಡಿದಾಗ ಒಂದೆಡೆ ಹೊಗೆ ನಡುಗಿತು. ಆ ಸೋರಿಕೆಯನ್ನೂ ಮುಚ್ಚಿದೆವು. 100 ಕಂಪನಗಳಿಗಿಂತ ಕೆಳಗಿನ ನಾದವನ್ನಷ್ಟೇ ಗುಡಾಣಕ್ಕೆ ಕಳಿಸಿ, ಉಳಿದುದನ್ನು ಹಳೆಯ ಧ್ವನಿವರ್ಧಕಗಳಿಗೇ ಬಿಟ್ಟೆವು.

ಗುಡಾಣವನ್ನು ನಡುಮನೆಯ ಮೂಲೆಯಲ್ಲಿ ಸಿಂಬೆಯ ಮೇಲೆ ಕೂರಿಸಿ ಕ್ಯಾಸೆಟ್ಟು ಹಾಕಿದಾಗ ಸಂಜೆಯಾಗಿತ್ತು. ಅತ್ತಿಗೆ ಬಾಗಿಲಲ್ಲಿ ನಿಂತೇ ಕೇಳಲಾರಂಭಿಸಿದರು. ಮೊದಲ ಕೀರ್ತನೆಯ ಎತ್ತುಗಡೆಯಲ್ಲಿ ಎಡಮುಖ ‘ಗುಂ’ ಎಂದಿತು. ಕಿವಿಗಿಂತ ಮೊದಲು ನೆಲದ ಮೇಲಿಟ್ಟ ಅಂಗಾಲಿಗೆ ಅದು ತಿಳಿಯಿತು. ಅತ್ತಿಗೆ ಒಳಗೆ ಬಂದು ಕುಳಿತರು. ಎರಡನೆಯ ಕೀರ್ತನೆ ಮುಗಿಯುತ್ತ ಬಂದಾಗ ಆ ದನಿ ಸ್ವಲ್ಪ ಮೇಲೇರಿ ಒರಟಾದಂತೆ ತೋರಿತು. ಹುಡುಗ ಗಾಬರಿಯಿಂದ ತಂತಿಗಳನ್ನು ಮುಟ್ಟಿ ನೋಡತೊಡಗಿದ.

“ನಿನ್ನ ಗುಡಾಣದ ತಪ್ಪಲ್ಲ, ಬಿಡು” ಎಂದರು ಅತ್ತಿಗೆ. “ಆವತ್ತು ಚಪ್ಪರದಲ್ಲಿ ವಿಪರೀತ ಸೆಕೆ. ರವೆ ಬೇಗ ಒಣಗಿಹೋಯಿತು. ನಾನೇ ಕಲಸಿಕೊಟ್ಟಿದ್ದೆ, ನೀರು ಸಾಲದಾಗಿತ್ತು. ಈಗ ಪಿಟೀಲಿನವರು ಆಲಾಪನೆ ಮಾಡುತ್ತಾರೆ ನೋಡು. ಅಷ್ಟರಲ್ಲಿ ಒದ್ದೆ ಮಾಡಿಕೊಳ್ಳುತ್ತಾರೆ.”

ಪಿಟೀಲಿನ ಆಲಾಪನೆ ನಡೆಯಿತು. ಅದು ಮುಗಿದು ಮೃದಂಗ ಮತ್ತೆ ಸೇರಿದಾಗ ಎಡಮುಖದ ದನಿ ಮೊದಲಿನ ಆಳಕ್ಕೆ ಇಳಿದಿತ್ತು.